ಕುಡಿತ ಬಿಡೋರ ಮೀಟಿಂಗ್ ಅಂದ್ರೆ ಏನು, ಹುಡುಕೋದು ಹೇಗೆ, ಒಳಗೆ ಹೋದ್ಮೇಲೆ ಏನಾಗುತ್ತೆ

ಮೀಟಿಂಗ್ ನಡೆಯೋ ಜಾಗದ ಬಾಗಿಲ ತನಕ ಹೋಗಿ ವಾಪಸ್ ಬಂದವರು ತುಂಬಾ ಜನ ಇದ್ದಾರೆ, ನಾನೇ ಎರಡು ಸಲ ಹಾಗೆ ಬಂದಿದೀನಿ. ಮೊದಲನೇ ಸಲ ಒಳಗಿಂದ ನಗು ಕೇಳಿಸ್ತು, ಕುಡಿದು ಹಾಳಾದವರ ಮೀಟಿಂಗಲ್ಲಿ ಯಾರಾದ್ರೂ ನಗ್ತಾರಾ, ಅಡ್ರೆಸ್ ತಪ್ಪಿರ್ಬೇಕು ಅಂತ ನೆಪ ಮಾಡ್ಕೊಂಡು ತಿರುಗಿದೆ. ಎರಡನೇ ಸಲ ನೆಪಾನೂ ಸಿಗ್ಲಿಲ್ಲ, ಸುಮ್ನೆ ಹೆದರಿ ಬಂದೆ. ಒಳಗೆ ಹೆಸರು ವಿಳಾಸ ಬರೆಸ್ಕೊಳ್ತಾರೆ, ಎದ್ದು ನಿಲ್ಲಿಸಿ ದಿನಕ್ಕೆ ಎಷ್ಟು ಕುಡೀತೀಯಾ ಅಂತ ಕೇಳ್ತಾರೆ, ಬುದ್ಧಿ ಹೇಳ್ತಾರೆ, ಇನ್ಮೇಲೆ ಮುಟ್ಟಲ್ಲ ಅಂತ ಆಣೆ ಹಾಕಿಸ್ತಾರೆ, ಹೀಗೆಲ್ಲಾ ತಲೇಲಿತ್ತು. ಮೂರನೇ ಸಲ ಒಳಗೆ ಹೋದಾಗ ಇದ್ಯಾವ್ದೂ ನಡೀಲಿಲ್ಲ. ಒಳಗೆ ಏನಿದೆ ಅಂತ ಮುಂಚೆನೇ ಯಾರಾದ್ರೂ ಬಿಡಿಸಿ ಹೇಳಿದ್ರೆ ನನಗೆ ಮಧ್ಯದ ಎಂಟು ತಿಂಗಳು ಉಳೀತಿತ್ತು, ಅದಕ್ಕೇ ಇದನ್ನ ಬರೀತಿದೀನಿ.

ಮೀಟಿಂಗ್ ವಿಷಯಕ್ಕೆ ಹೋಗೋ ಮುಂಚೆ ಒಂದು ಮಾತು, ದಯವಿಟ್ಟು ಇದನ್ನ ಬಿಟ್ಟು ಮುಂದೆ ಹೋಗ್ಬೇಡಿ. ನೀವು ದಿನಾ, ಜಾಸ್ತಿ ಪ್ರಮಾಣದಲ್ಲಿ, ತುಂಬಾ ಕಾಲದಿಂದ ಕುಡೀತಿದ್ರೆ, ಬೆಳಿಗ್ಗೆ ಎದ್ದಾಗ ಕೈ ನಡುಗ್ತಿದ್ರೆ, ನಾಳೆಯಿಂದ ಬಂದ್ ಅಂತ ಒಬ್ರೇ ಮನೇಲಿ ನಿಲ್ಲಿಸೋಕೆ ಹೋಗ್ಬೇಡಿ, ಮೊದಲು ಡಾಕ್ಟರ್ ಹತ್ರ ಹೋಗಿ. ವರ್ಷಗಟ್ಟಲೆ ಆಲ್ಕೋಹಾಲ್‌ಗೆ ಒಗ್ಗಿಹೋದ ಮೆದುಳು ಅದು ತಟ್ಟನೆ ನಿಂತಾಗ ಹಿಡಿತ ತಪ್ಪುತ್ತೆ. ಕೊನೇ ಪೆಗ್ ಆಗಿ ಆರೇಳು ಗಂಟೆಗೇ ನಡುಕ, ಬೆವರು, ಎದೆಬಡಿತ ಶುರುವಾಗಬಹುದು, ಮೊದಲ 48 ಗಂಟೆ ಒಳಗೆ ಕೆಲವರಿಗೆ ಫಿಟ್ಸ್ ಬರುತ್ತೆ, ಎರಡು ಮೂರು ದಿನಕ್ಕೆ ಕೆಲವರಿಗೆ ಇಲ್ಲದ್ದು ಕಾಣೋದು, ಜ್ವರ, ಯಾರು ಏನು ಅಂತ ಗೊತ್ತಾಗದೇ ಇರೋ ಸ್ಥಿತಿ ಬರುತ್ತೆ, ಅದನ್ನ ಡೆಲೀರಿಯಮ್ ಟ್ರೆಮೆನ್ಸ್ ಅಂತಾರೆ, ಚಿಕಿತ್ಸೆ ಸಿಗದಿದ್ರೆ ಅದು ಜೀವಾನೇ ತೆಗೀಬಹುದು. ಇದಕ್ಕೆಲ್ಲಾ ಔಷಧಿ ಇದೆ, ಜೊತೆಗೆ ಬಿ1 ವಿಟಮಿನ್ ಕೊಡ್ತಾರೆ, ಕೆಲವು ದಿನದಲ್ಲಿ ದೇಹ ಹತೋಟಿಗೆ ಬರುತ್ತೆ. ಮೀಟಿಂಗ್ ಈ ಕೆಲಸ ಮಾಡಲ್ಲ, ಮಾಡೋಕೂ ಬರಲ್ಲ. ಡಾಕ್ಟರ್ ಹತ್ರ ಹೋಗೋದು, ಮೀಟಿಂಗ್‌ಗೆ ಹೋಗೋದು ಎರಡೂ ಒಟ್ಟಿಗೆ ನಡೀಬಹುದು, ಒಂದು ಮುಗಿದ ಮೇಲೇ ಇನ್ನೊಂದು ಅಂತೇನಿಲ್ಲ.

ಈಗ ಮೀಟಿಂಗ್ ಅಂದ್ರೆ ಏನು ಅಂತ. ಕುಡಿತದಿಂದ ತೊಂದರೆ ಪಟ್ಟವರೇ ಸೇರಿ, ಅವರೇ ನಡೆಸಿ, ಅವರೇ ಮಾತಾಡಿ, ಅವರೇ ಕುರ್ಚಿ ಎತ್ತಿಟ್ಟು ಹೋಗೋ ಕೂಟ ಅದು, ಅಷ್ಟೇ. ಕುಡಿತ ಬಿಟ್ಟವನು ಇನ್ನೊಬ್ಬನಿಗೆ ಬಿಡೋದು ಹೇಗೆ ಅಂತ ಹೇಳಿಕೊಡೋ ಕ್ಲಾಸು ಅಂತ ಹೊರಗಿನವರು ಅನ್ಕೊಳ್ತಾರೆ, ನಾನೂ ಹಾಗೇ ಅನ್ಕೊಂಡಿದ್ದೆ, ಆದ್ರೆ ವಿಷಯ ಅದರ ಉಲ್ಟಾ, ಅಲ್ಲಿ ಹೇಳೋನಿಗೇ ಹೇಳೋದರಿಂದ ಲಾಭ. ಇದು ಎಲ್ಲಿಂದ ಬಂತು ಅಂತ ತಿಳ್ಕೊಳ್ಳೋಕೆ 1935ಕ್ಕೆ ಹೋಗ್ಬೇಕು.

ಬಿಲ್ ವಿಲ್ಸನ್ ಅಂತ ನ್ಯೂಯಾರ್ಕ್‌ನ ಷೇರು ವ್ಯವಹಾರದವರು, ಕುಡಿತದಿಂದ ಎಲ್ಲಾ ಕಳ್ಕೊಂಡು 1934ರ ಡಿಸೆಂಬರಲ್ಲಿ ಬಿಟ್ಟಿದ್ರು. ಐದು ತಿಂಗಳಾದ ಮೇಲೆ ಒಂದು ವ್ಯವಹಾರಕ್ಕೆ ಅಂತ ಓಹಿಯೋದ ಆಕ್ರನ್ ಊರಿಗೆ ಹೋದ್ರು, ಅದು ಕೈಕೊಡ್ತು, ಹೋಟೆಲ್ ಲಾಬಿಯಲ್ಲಿ ಒಬ್ರೇ ನಿಂತಿದಾರೆ, ಒಂದು ಕಡೆ ಬಾರ್, ಇನ್ನೊಂದು ಕಡೆ ಫೋನ್. ಅವರು ಫೋನ್ ಕಡೆ ಹೋಗಿ ಚರ್ಚ್‌ಗಳಿಗೆ ಕಾಲ್ ಮಾಡಿ ಇಲ್ಲಿ ನನ್ನ ಥರದ ಕುಡುಕರು ಯಾರಾದ್ರೂ ಇದ್ರೆ ನಾನು ಮಾತಾಡಬೇಕಿತ್ತು ಅಂತ ಕೇಳಿದ್ರು. ಯಾರನ್ನೋ ಉದ್ಧಾರ ಮಾಡೋಕಲ್ಲ, ಆ ದಿನ ತಾನು ಕುಡೀದೇ ಇರೋಕೆ. ಹೀಗೆ ಸಿಕ್ಕಿದ್ದು ಡಾಕ್ಟರ್ ಬಾಬ್ ಸ್ಮಿತ್ ಅನ್ನೋ ಸರ್ಜನ್, ಅವರೂ ಕುಡಿತ ಬಿಡೋಕಾಗದೇ ಒದ್ದಾಡ್ತಿದ್ದವರು. ಹದಿನೈದೇ ನಿಮಿಷ ಅಂತ ಒಪ್ಕೊಂಡು ಬಂದವರು ಗಂಟೆಗಟ್ಟಲೆ ಕೂತ್ರು. ಅವರಿಗೆ ಅಷ್ಟು ದಿನ ಬುದ್ಧಿ ಹೇಳಿದವರಿಗೆ ಲೆಕ್ಕ ಇರ್ಲಿಲ್ಲ, ಆದ್ರೆ ನನಗೂ ಹೀಗೇ ಆಗಿತ್ತು, ನಿಮ್ಮ ಹತ್ರ ಹೇಳ್ಕೊಂಡ್ರೆ ನನಗೆ ಒಳ್ಳೇದಾಗುತ್ತೆ ಅಂತ ಬಂದವರು ಬಿಲ್ ಒಬ್ರೇ. ಬಾಬ್ ಅದಾದ ಮೇಲೂ ಒಂದು ಸಲ ಜಾರಿದ್ರು, ಮತ್ತೆ ಎದ್ರು, 1935ರ ಜೂನ್ 10 ಅವರು ಕೊನೇ ಸಲ ಕುಡಿದ ದಿನ, ಅದನ್ನೇ ಆಲ್ಕೋಹಾಲಿಕ್ಸ್ ಅನಾನಿಮಸ್, ಎಲ್ಲರೂ ಕರೆಯೋ ಹಾಗೆ ಎಎ, ತನ್ನ ಹುಟ್ಟಿದ ದಿನ ಅಂತ ಆಚರಿಸುತ್ತೆ. ಈಗ ಸುಮಾರು 180 ದೇಶದಲ್ಲಿ ಇದರ ಗುಂಪುಗಳಿವೆ.

ಇದೇ ಮೊದಲು ಅಂತಲ್ಲ. 1840ರಲ್ಲಿ ಬಾಲ್ಟಿಮೋರ್‌ನ ಹೆಂಡದಂಗಡಿಯೊಂದರಲ್ಲಿ ಆರು ಜನ ಕುಡುಕರು ಸೇರಿ ವಾಷಿಂಗ್ಟೋನಿಯನ್ ಅನ್ನೋ ಸಂಘ ಕಟ್ಟಿದ್ರು, ಅವರೂ ತಮ್ಮ ಕಥೆ ಹೇಳ್ಕೊಂಡೇ ಜನರನ್ನ ಸೇರಿಸಿದ್ದು, ಕೆಲವೇ ವರ್ಷದಲ್ಲಿ ಲಕ್ಷಗಟ್ಟಲೆ ಜನ ಸೇರಿದ್ರು, ಆಮೇಲೆ ಸಾರಾಯಿ ನಿಷೇಧದ ಜಗಳ, ರಾಜಕೀಯ ಎಲ್ಲಾ ಒಳಗೆ ಬಂದು ಅಷ್ಟೇ ಬೇಗ ಚದುರಿಹೋಯ್ತು. ಎಎ ಅದರಿಂದ ಪಾಠ ಕಲೀತು. ಹೊರಗಿನ ಯಾವ ವಿವಾದದಲ್ಲೂ ಗುಂಪು ಅಭಿಪ್ರಾಯ ಕೊಡಲ್ಲ, ಹೊರಗಿನವರ ದುಡ್ಡು ತಗೊಳ್ಳಲ್ಲ, ಸದಸ್ಯರು ಪತ್ರಿಕೆ ಟಿವಿಯಲ್ಲಿ ಸದಸ್ಯರಾಗಿ ತಮ್ಮ ಪೂರ್ತಿ ಹೆಸರು ಹಾಕ್ಕೊಳ್ಳಲ್ಲ. ಸೇರೋಕೆ ಇರೋ ಷರತ್ತು ಒಂದೇ, ಕುಡಿತ ಬಿಡಬೇಕು ಅನ್ನೋ ಆಸೆ ಇರ್ಬೇಕು. ಬಿಟ್ಟಿರ್ಬೇಕು ಅಂತ ಇಲ್ಲ ಗಮನಿಸಿ, ಆಸೆ ಇದ್ರೆ ಸಾಕು. ಮೊದಲು ಬಿಟ್ಟು ಆಮೇಲೆ ಹೋಗ್ತೀನಿ ಅಂತ ಕಾಯೋರಿಗೆ ನಾನು ಇದನ್ನೇ ಮೊದಲು ಹೇಳೋದು.

ಇದರಿಂದ ನಿಜವಾಗ್ಲೂ ಉಪಯೋಗ ಆಗುತ್ತಾ ಅಂತ ಕೇಳೋದು ಸರಿಯಾದ ಪ್ರಶ್ನೆ. ಚಿಕಿತ್ಸೆಗಳ ಬಗ್ಗೆ ಬಂದ ಸಂಶೋಧನೆಗಳನ್ನ ಒಟ್ಟಿಗಿಟ್ಟು ತೂಗಿ ನೋಡೋ ಕಾಕ್ರೇನ್ ಸಂಸ್ಥೆ 2020ರಲ್ಲಿ ಇದರ ಬಗ್ಗೆ ವರದಿ ಕೊಡ್ತು, 27 ಅಧ್ಯಯನ, 10,565 ಜನ. ಜನರನ್ನ ಎಎಗೆ ಸೇರಿಸಿ ಅಲ್ಲಿ ಉಳಿಯೋ ಹಾಗೆ ಮಾಡೋ ಕ್ರಮಬದ್ಧ ಚಿಕಿತ್ಸೆ ಪಡೆದವರಲ್ಲಿ ಒಂದು ವರ್ಷದ ಹೊತ್ತಿಗೆ ಪೂರ್ತಿ ಕುಡಿತ ಬಿಟ್ಟಿದ್ದವರು ಸುಮಾರು ಶೇಕಡಾ 42, ಬೇರೆ ಒಳ್ಳೆ ಚಿಕಿತ್ಸೆ ಪಡೆದವರಲ್ಲಿ ಸುಮಾರು 35. ಅಂದ್ರೆ ಪವಾಡ ಅಲ್ಲ, ಅರ್ಧಕ್ಕಿಂತ ಜಾಸ್ತಿ ಜನ ಆ ಒಂದು ವರ್ಷದಲ್ಲಿ ಮತ್ತೆ ಕುಡಿದಿದಾರೆ, ಆದ್ರೂ ದುಡ್ಡು ಕೊಡದೆ, ಎಷ್ಟು ವರ್ಷ ಬೇಕಾದ್ರೂ, ವಾರದ ಯಾವ ದಿನ ಬೇಕಾದ್ರೂ ಸಿಗೋ ಒಂದು ವಿಷಯಕ್ಕೆ ಇದು ಸಣ್ಣ ಫಲಿತಾಂಶ ಅಲ್ಲ. ಯಾಕೆ ಕೆಲಸ ಮಾಡುತ್ತೆ ಅನ್ನೋದರ ಮೇಲೂ ಸಂಶೋಧನೆ ನಡೆದಿದೆ, ಮುಖ್ಯ ಕಾರಣ ಅಂತ ಸಿಕ್ಕಿರೋದು ನಮ್ಮ ಸುತ್ತ ಇರೋ ಜನ ಬದಲಾಗೋದು. ಕುಡಿಯೋ ಸ್ನೇಹಿತರ ಜಾಗದಲ್ಲಿ ಕುಡಿಯದ ಸ್ನೇಹಿತರು ಬರ್ತಾರೆ, ಸಂಜೆ ಆರು ಗಂಟೆಗೆ ಕಾಲು ಹೋಗೋ ದಿಕ್ಕು ಬದಲಾಗುತ್ತೆ.

ಹುಡುಕೋದು ಹೇಗೆ. ಎಎ ವೆಬ್‌ಸೈಟಲ್ಲಿ ಮೀಟಿಂಗ್ ಹುಡುಕೋ ಜಾಗ ಇದೆ, ಮೀಟಿಂಗ್ ಗೈಡ್ ಅನ್ನೋ ಫ್ರೀ ಆ್ಯಪ್ ಕೂಡ ಇದೆ, ಅದು ಎಲ್ಲಾ ದೇಶಕ್ಕೂ ಪೂರ್ತಿ ಇಲ್ಲ, ಹಾಗಾಗಿ ಅಲ್ಲಿ ಏನೂ ಕಾಣ್ಲಿಲ್ಲ ಅಂದ್ರೆ ನಿಮ್ಮ ಕಡೆ ಮೀಟಿಂಗೇ ಇಲ್ಲ ಅಂತ ತೀರ್ಮಾನ ಮಾಡ್ಬೇಡಿ, ನಿಮ್ಮ ದೇಶದ ಎಎ ಕಚೇರಿಯ ಸೈಟ್ ನೋಡಿ ಅಥವಾ ಅವರ ಸಹಾಯವಾಣಿಗೆ ಫೋನ್ ಮಾಡಿ. ತುಂಬಾ ಕಡೆ ಆ ಫೋನ್ ಎತ್ತೋದು ಕುಡಿತ ಬಿಟ್ಟ ಸದಸ್ಯರೇ, ಏನು ಹೇಳಬೇಕು ಅಂತ ತೋಚದಿದ್ರೆ ಮೀಟಿಂಗ್‌ಗೆ ಬರಬೇಕಿತ್ತು ಅಂದ್ರೆ ಸಾಕು, ಉಳಿದದ್ದು ಅವರಿಗೆ ಅರ್ಥ ಆಗುತ್ತೆ. ಚಿಕಿತ್ಸೆ ಕೊಡೋ ಡಾಕ್ಟರ್, ವ್ಯಸನಮುಕ್ತಿ ಕೇಂದ್ರದವರು, ಕೌನ್ಸಿಲರ್ ಹತ್ರಾನೂ ಪಟ್ಟಿ ಇರುತ್ತೆ. ಹೊರಡೋ ಮುಂಚೆ ಒಂದು ಸಲ ಫೋನ್ ಮಾಡಿ ಖಚಿತ ಮಾಡ್ಕೊಳ್ಳಿ, ಪಟ್ಟಿಗಳು ಹಳೇದಾಗಿರ್ತವೆ, ಧೈರ್ಯ ಮಾಡಿ ಹೋದ ದಿನ ಬೀಗ ಹಾಕಿರೋ ಬಾಗಿಲು ಕಂಡ್ರೆ ಆ ಧೈರ್ಯ ಮತ್ತೆ ಬರೋಕೆ ಎಷ್ಟು ದಿನ ಬೇಕೋ.

ಪಟ್ಟಿಯಲ್ಲಿ ಓಪನ್, ಕ್ಲೋಸ್ಡ್ ಅಂತ ಬರೆದಿರ್ತಾರೆ. ಓಪನ್ ಮೀಟಿಂಗ್‌ಗೆ ಯಾರು ಬೇಕಾದ್ರೂ ಹೋಗಬಹುದು, ಮನೆಯವರು, ಸ್ನೇಹಿತರು, ಸುಮ್ನೆ ತಿಳ್ಕೊಬೇಕು ಅನ್ನೋರು ಎಲ್ಲಾ. ಕ್ಲೋಸ್ಡ್ ಅಂದ್ರೆ ಕುಡಿತದ ತೊಂದರೆ ಇದ್ದು ಬಿಡಬೇಕು ಅನ್ಕೊಂಡವರಿಗೆ ಮಾತ್ರ, ನೀವು ಬಿಡಬೇಕು ಅನ್ಕೊಂಡಿದ್ರೆ ನೀವೂ ಅದರಲ್ಲಿ ಬಂದ್ರಿ, ಹೊಸಬರಿಗೆ ಅಲ್ಲ ಅಂತ ಅರ್ಥ ಅಲ್ಲ. ಸ್ಪೀಕರ್ ಮೀಟಿಂಗಲ್ಲಿ ಒಬ್ರೋ ಇಬ್ರೋ ತಮ್ಮ ಕಥೆ ಪೂರ್ತಿ ಹೇಳ್ತಾರೆ, ಉಳಿದವರು ಕೇಳ್ತಾರೆ, ಮಾತಾಡೋ ಭಯ ಇರೋರಿಗೆ ಶುರು ಮಾಡೋಕೆ ಇದು ಒಳ್ಳೇದು. ಬರೀ ಹೆಂಗಸರ ಮೀಟಿಂಗ್ ಇರುತ್ತೆ, ಯುವಕರದ್ದು ಇರುತ್ತೆ, ಗಂಡಸರೇ ತುಂಬಿರೋ ರೂಮಲ್ಲಿ ಬಾಯಿ ಬಿಡೋಕಾಗದ ಹೆಣ್ಣುಮಕ್ಕಳು ಅದನ್ನೇ ಹುಡುಕಿ ಹೋಗೋದರಲ್ಲಿ ತಪ್ಪೇನಿಲ್ಲ. ಆನ್‌ಲೈನ್ ಮೀಟಿಂಗ್ ಈಗ ದಿನದ ಯಾವ ಹೊತ್ತಲ್ಲೂ ಸಿಗುತ್ತೆ, ಝೂಮ್‌ನಲ್ಲಿ ಸೇರೋ ಮುಂಚೆ ನಿಮ್ಮ ಪೂರ್ತಿ ಹೆಸರು ತೆಗೆದು ಬರೀ ಮೊದಲ ಹೆಸರು ಇಡಿ, ಆಫೀಸ್ ಅಕೌಂಟಿಂದ ಸೇರ್ಬೇಡಿ, ಹೆಡ್‌ಫೋನ್ ಹಾಕ್ಕೊಳ್ಳಿ, ಯಾಕಂದ್ರೆ ಮಾತಾಡೋ ಬೇರೆಯವರ ಗುಟ್ಟು ನಿಮ್ಮ ಮನೆಯವರ ಕಿವಿಗೆ ಬೀಳಬಾರದು. ಕ್ಯಾಮೆರಾ ಆಫ್ ಇಟ್ಟು ಕೂತ್ರೂ ತುಂಬಾ ಗುಂಪಲ್ಲಿ ಯಾರೂ ಏನೂ ಅನ್ನಲ್ಲ. ಆದ್ರೆ ಎದುರಾಎದುರು ಮೀಟಿಂಗ್ ಹತ್ರದಲ್ಲೇ ಇದ್ರೆ ಅಲ್ಲಿಗೆ ಹೋಗಿ ಅಂತಲೇ ನಾನು ಹೇಳೋದು, ಮೀಟಿಂಗ್ ಮುಗಿದ ಮೇಲಿನ ಹತ್ತು ನಿಮಿಷ ಪರದೆ ಮೇಲೆ ಸಿಗಲ್ಲ.

ಒಳಗೆ ಏನಾಗುತ್ತೆ ಅಂತ ನಿಧಾನಕ್ಕೆ ಹೇಳ್ತೀನಿ. ಗುಂಪಿಂದ ಗುಂಪಿಗೆ ಸ್ವಲ್ಪ ವ್ಯತ್ಯಾಸ ಇರುತ್ತೆ, ಸಾಮಾನ್ಯವಾಗಿ ಒಂದು ಗಂಟೆಯಿಂದ ಒಂದೂವರೆ ಗಂಟೆ. ಹತ್ತು ನಿಮಿಷ ಮುಂಚೆ ಹೋದ್ರೆ ಬಾಗಿಲ ಹತ್ರ ಯಾರಾದ್ರೂ ಇರ್ತಾರೆ, ಮೊದಲ ಸಲ ಬಂದಿದೀನಿ ಅಂತ ಹೇಳಿದ್ರೆ ಕೂರಿಸ್ತಾರೆ, ಹೇಳೋಕೆ ಇಷ್ಟ ಇಲ್ಲ ಅಂದ್ರೆ ಹಿಂದಿನ ಸಾಲಲ್ಲಿ ಕೂತ್ಕೊಳ್ಳಿ. ಮೀಟಿಂಗ್ ನಡೆಸೋರು ಆ ದಿನದ ಸರದಿಯವರು ಅಷ್ಟೇ, ಅವರು ಯಜಮಾನರಲ್ಲ. ಶುರುವಲ್ಲಿ ಎಎ ಅಂದ್ರೆ ಏನು ಅನ್ನೋ ಪುಟ್ಟ ಪರಿಚಯ, ಹನ್ನೆರಡು ಮೆಟ್ಟಿಲು ಅಂದ್ರೆ ಕುಡಿತದಿಂದ ಹೊರಗೆ ಬರೋಕೆ ಎಎ ಹೇಳೋ ಹನ್ನೆರಡು ಹೆಜ್ಜೆ, ಹೀಗೆ ಏನಾದ್ರೂ ಓದ್ತಾರೆ, ಕೆಲವು ಕಡೆ ಒಂದು ಪ್ರಾರ್ಥನೆ ಹೇಳ್ತಾರೆ, ನೀವು ಹೇಳಲೇಬೇಕು ಅಂತಿಲ್ಲ. ಆಮೇಲೆ ಒಬ್ಬೊಬ್ರೇ ಮಾತಾಡೋದು, ಅದಕ್ಕೆ ಶೇರಿಂಗ್ ಅಂತಾರೆ. ಮೊದಲ ಹೆಸರು ಹೇಳಿ, ನಾನೊಬ್ಬ ಆಲ್ಕೋಹಾಲಿಕ್ ಅಂತ ಹೇಳಿ ಶುರು ಮಾಡ್ತಾರೆ, ಎಲ್ಲರೂ ಆ ಹೆಸರು ಹಿಡಿದು ಹಲೋ ಅಂತಾರೆ. ನಿಮ್ಮ ಸರದಿ ಬಂದಾಗ ಇವತ್ತು ಕೇಳ್ತೀನಿ ಅಷ್ಟೇ ಅಂದ್ರೆ ಮುಗೀತು, ಮುಂದಿನವರ ಹತ್ರ ಹೋಗುತ್ತೆ, ನಾನು ಮೊದಲ ನಾಲ್ಕು ಮೀಟಿಂಗ್ ಹಾಗೇ ಮಾಡಿದ್ದು. ಆಲ್ಕೋಹಾಲಿಕ್ ಅನ್ನೋ ಪದ ಬಾಯಲ್ಲಿ ಬರಲ್ಲ ಅಂದ್ರೆ ಹೇಳ್ಬೇಡಿ, ಹೆಸರಷ್ಟೇ ಹೇಳಿ.

ಒಂದು ನಿಯಮ ಹೊಸಬರಿಗೆ ವಿಚಿತ್ರ ಅನ್ಸುತ್ತೆ. ಒಬ್ರು ಮಾತಾಡಿ ಮುಗಿಸಿದ್ರೆ ಯಾರೂ ಉತ್ತರ ಕೊಡಲ್ಲ. ಸಲಹೆ ಇಲ್ಲ, ಸಮಾಧಾನ ಇಲ್ಲ, ನೀನು ಹೀಗೆ ಮಾಡ್ಬೇಕಿತ್ತು ಅನ್ನೋದಂತೂ ಇಲ್ವೇ ಇಲ್ಲ. ಕ್ರಾಸ್ ಟಾಕ್ ಬೇಡ ಅಂತಾರೆ ಇದಕ್ಕೆ. ನಾನು ಮೊದಮೊದಲು ಇದೇನು ಇಷ್ಟು ಕಲ್ಲು ಮನಸ್ಸಿನವರು, ಮಾತಾಡೋರು ಅಳ್ತಿದ್ರೂ ಸುಮ್ನೆ ಕೂತಿದಾರಲ್ಲ ಅನ್ಕೊಂಡೆ. ಆಮೇಲೆ ನನ್ನ ಸರದಿ ಬಂದು ಮಾತಾಡಿದಾಗ ಗೊತ್ತಾಯ್ತು, ಕುಡಿತದ ವಿಷಯ ತೆಗೆದಾಗ ಎದುರಿಗಿರೋರು ಮಧ್ಯೆ ಬಾಯಿ ಹಾಕದೇ, ಮುಖ ಸಿಂಡರಿಸದೇ, ಪೂರ್ತಿ ಕೇಳಿದ್ದು ಅದೆಷ್ಟೋ ವರ್ಷದಲ್ಲಿ ಅದೇ ಮೊದಲು. ಸುಳ್ಳು ಹೇಳೋ ಅಗತ್ಯಾನೇ ಬರ್ಲಿಲ್ಲ, ಯಾಕಂದ್ರೆ ತಪ್ಪಿಸಿಕೊಳ್ಳಬೇಕಾದ ಪ್ರಶ್ನೆ ಯಾರೂ ಕೇಳ್ಲಿಲ್ಲ. ಆ ಮೊದಲ ದಿನ ಬಾಗಿಲಾಚೆ ಕೇಳಿಸಿದ್ದ ನಗೂ ಇದೇ ಜಾಗದ್ದು, ಬಾಟಲಿ ಎಲ್ಲೆಲ್ಲಿ ಬಚ್ಚಿಟ್ಟಿದ್ದೆ ಅಂತ ಒಬ್ರು ಹೇಳ್ತಿದ್ರೆ ಅಲ್ಲಿ ಕೂತಿರೋ ಪ್ರತಿಯೊಬ್ಬರಿಗೂ ಆ ಜಾಗಗಳು ಗೊತ್ತು, ಹಾಗಾಗಿ ನಗ್ತಾರೆ.

ಮಧ್ಯೆ ಒಂದು ಬುಟ್ಟಿನೋ ಡಬ್ಬಿನೋ ಸುತ್ತಿ ಬರುತ್ತೆ, ಬಾಡಿಗೆ, ಪುಸ್ತಕದ ಖರ್ಚಿಗೆ ಇಷ್ಟ ಇದ್ದೋರು ಹಾಕ್ತಾರೆ, ಹೊಸಬರು ಹಾಕ್ಬೇಕಿಲ್ಲ. ಕೆಲವು ಗುಂಪಲ್ಲಿ ಕುಡೀದೇ ಕಳೆದಿದ್ದಕ್ಕೆ 24 ಗಂಟೆ, 30 ದಿನ, 60, 90 ದಿನ, ಒಂದು ವರ್ಷ ಅಂತ ಬಿಲ್ಲೆ ಕೊಡ್ತಾರೆ, ಮೊದಲ ದಿನದವರಿಗೂ ಒಂದು ಸಿಗುತ್ತೆ. ಮೀಟಿಂಗ್ ಮುಗಿದ ತಕ್ಷಣ ಓಡಿಹೋಗ್ಬೇಡಿ. ನಾನಾದ್ರೆ ಮೀಟಿಂಗ್‌ಗಿಂತ ಅದು ಮುಗಿದ ಮೇಲೆ ನಿಂತು ಮಾತಾಡೋದಕ್ಕೇ ಹೆಚ್ಚು ಬೆಲೆ ಕೊಡ್ತೀನಿ, ಅಲ್ಲಿ ಸಲಹೆ ಕೇಳಬಹುದು, ಫೋನ್ ನಂಬರ್ ತಗೋಬಹುದು. ನಂಬರ್ ತಗೊಂಡು ಸುಮ್ನಿರ್ಬೇಡಿ, ಏನೂ ಆಗದ ದಿನ ಒಂದು ಸಲ ಕಾಲ್ ಮಾಡಿ ಮಾತಾಡಿ, ಆಗ ಕುಡೀಬೇಕು ಅನ್ನಿಸಿದ ರಾತ್ರಿ ಆ ನಂಬರ್ ಒತ್ತೋಕೆ ಕೈ ಏಳುತ್ತೆ.

ಗುಟ್ಟು ಉಳಿಯುತ್ತಾ ಅನ್ನೋ ಭಯ ಎಲ್ಲರಿಗೂ ಇರುತ್ತೆ. ಅಲ್ಲಿ ಕೇಳಿದ್ದು, ಅಲ್ಲಿ ಕಂಡವರ ವಿಷಯ ಹೊರಗೆ ಹೇಳಬಾರದು ಅನ್ನೋದು ಎಲ್ಲರೂ ಪಾಲಿಸೋ ಕಟ್ಟುಪಾಡು, ಅಲ್ಲಿ ಗುರುತಿನವರು ಸಿಕ್ಕಿದ್ರೂ ಅವರೂ ನಿಮ್ಮ ಥರದ ಕಾರಣಕ್ಕೇ ಬಂದಿರ್ತಾರೆ. ಆದ್ರೆ ಡಾಕ್ಟರ್, ವಕೀಲರಿಗೆ ಇರೋ ಥರ ಕಾನೂನಿನ ರಕ್ಷಣೆ ಈ ಮಾತಿಗೆ ಸಾಮಾನ್ಯವಾಗಿ ಇರಲ್ಲ, ಹಾಗಾಗಿ ಕೇಸು ಕೋರ್ಟಿನ ವಿಷಯ ಇದ್ರೆ ಅದನ್ನ ಗುಂಪಲ್ಲಿ ಬಿಚ್ಚಿಡೋದಕ್ಕಿಂತ ವಕೀಲರ ಹತ್ರ ಹೇಳೋದು ವಾಸಿ.

ದೇವರ ವಿಷಯ ತುಂಬಾ ಜನರನ್ನ ಮೊದಲ ದಿನವೇ ವಾಪಸ್ ಕಳಿಸುತ್ತೆ. ಹನ್ನೆರಡು ಮೆಟ್ಟಿಲಲ್ಲಿ ದೇವರು ಅನ್ನೋ ಪದ ಬರುತ್ತೆ, ಜೊತೆಗೆ ನಮಗೆ ಅರ್ಥವಾದ ಹಾಗೆ ಅನ್ನೋ ಮಾತೂ ಇದೆ, ಶುರುವಲ್ಲೇ ದೇವರನ್ನ ನಂಬದ ಸದಸ್ಯರು ಇದ್ರು, ಅವರ ಪಟ್ಟು ಇದ್ದಿದ್ದಕ್ಕೇ ಆ ಮಾತು ಸೇರಿದ್ದು. ಕೆಲವರು ಗುಂಪನ್ನೇ ತಮಗಿಂತ ದೊಡ್ಡ ಶಕ್ತಿ ಅನ್ಕೊಳ್ತಾರೆ. ಅದೂ ಹಿಡಿಸ್ಲಿಲ್ಲ ಅಂದ್ರೆ ಬೇರೆ ದಾರಿ ಇವೆ. ಸ್ಮಾರ್ಟ್ ರಿಕವರಿ 1994ರಿಂದ ಇದೆ, ದೇವರ ಮಾತಿಲ್ಲ, ಆಲ್ಕೋಹಾಲಿಕ್ ಅಂತ ಕರ್ಕೊಳ್ಳೋದಿಲ್ಲ, ತರಬೇತಿ ಪಡೆದವರು ನಡೆಸ್ತಾರೆ, ಕುಡಿಯೋ ಆಸೆ ಬಂದಾಗ ಅದನ್ನ ದಾಟೋದು ಹೇಗೆ, ಕುಡಿದ್ರೆ ಏನು ಬಿಟ್ರೆ ಏನು ಅಂತ ಕಾಗದದ ಮೇಲೆ ಬರೆದು ತೂಗೋದು ಹೇಗೆ, ಇಂಥದ್ದನ್ನ ಅಭ್ಯಾಸ ಮಾಡಿಸ್ತಾರೆ, ಇಲ್ಲಿ ಒಬ್ರ ಮಾತಿಗೆ ಇನ್ನೊಬ್ರು ಉತ್ತರ ಕೊಡಬಹುದು. ಜೀನ್ ಕರ್ಕ್‌ಪ್ಯಾಟ್ರಿಕ್ 1975ರಲ್ಲಿ ಹೆಂಗಸರಿಗೆ ಅಂತಲೇ ವಿಮೆನ್ ಫಾರ್ ಸೊಬ್ರೈಟಿ ಶುರು ಮಾಡಿದ್ರು. ಬೌದ್ಧ ಧ್ಯಾನ ಆಧಾರವಾಗಿರೋ ರಿಕವರಿ ಧರ್ಮ ಇದೆ. ಇವೆಲ್ಲದರ ಆನ್‌ಲೈನ್ ಮೀಟಿಂಗ್ ಸಿಗುತ್ತೆ. ನಾನು ಎಎಯಲ್ಲಿ ಉಳಿದವನು, ಆದ್ರೂ ಯಾವ ರೂಮಲ್ಲಿ ನೀವು ಮುಂದಿನ ವಾರಾನೂ ಹೋಗಿ ಕೂರ್ತೀರೋ ಅದೇ ನಿಮ್ಮದು, ಎರಡು ಕಡೆ ಹೋಗ್ತೀರಾ, ಹೋಗಿ.

ಒಂದೇ ಮೀಟಿಂಗ್ ನೋಡಿ ಇದು ನನಗಲ್ಲ ಅಂತ ತೀರ್ಮಾನ ಮಾಡೋದು ತಪ್ಪು. ಒಂದು ಗುಂಪಲ್ಲಿ ಬರೀ ವಯಸ್ಸಾದವರು, ಇನ್ನೊಂದರಲ್ಲಿ ಒಬ್ರೇ ಅರ್ಧ ಗಂಟೆ ಮಾತಾಡೋರು, ಮೂರನೇದರಲ್ಲಿ ನಿಮ್ಮ ಕಥೆನೇ ಯಾರೋ ಹೇಳ್ತಿರ್ತಾರೆ. ಐದಾರು ಬೇರೆ ಬೇರೆ ಮೀಟಿಂಗ್ ನೋಡಿ. ಹೊಸಬರಿಗೆ 90 ದಿನಕ್ಕೆ 90 ಮೀಟಿಂಗ್ ಅಂತ ಹೇಳೋ ವಾಡಿಕೆ ಇದೆ, ಅದು ನಿಯಮ ಅಲ್ಲ, ಕೆಲಸ ಮಕ್ಕಳು ಇರೋರಿಗೆ ಆಗದೇ ಇರಬಹುದು, ಆದ್ರೆ ಶುರುವಿನ ತಿಂಗಳಲ್ಲಿ ಎಷ್ಟು ಹತ್ರ ಹತ್ರ ಹೋದ್ರೆ ಅಷ್ಟು ಒಳ್ಳೇದು ಅನ್ನೋದರಲ್ಲಿ ಅರ್ಥ ಇದೆ. ಸ್ವಲ್ಪ ದಿನ ಆದ್ಮೇಲೆ ಸ್ಪಾನ್ಸರ್ ಇಟ್ಕೊಳ್ಳಿ ಅಂತಾರೆ. ಸ್ಪಾನ್ಸರ್ ಅಂದ್ರೆ ದುಡ್ಡು ಕೊಡೋರಲ್ಲ, ನಿಮಗಿಂತ ಮುಂಚೆ ಬಿಟ್ಟು, ಮೆಟ್ಟಿಲುಗಳನ್ನ ದಾಟಿ ಬಂದವರು, ನಿಮ್ಮ ಜೊತೆ ಒಬ್ರಿಗೊಬ್ರು ಕೂತು ಅದನ್ನ ಮಾಡಿಸೋರು. ಅವರ ಹತ್ರ ಏನಿದೆ ಅದು ನನಗೂ ಬೇಕು ಅನ್ನಿಸೋರನ್ನ ಕೇಳಿ, ಸರಿಹೋಗ್ಲಿಲ್ಲ ಅಂದ್ರೆ ಬದಲಾಯಿಸಬಹುದು, ಅದಕ್ಕೆ ಯಾರೂ ಬೇಜಾರು ಮಾಡ್ಕೊಳ್ಳಬಾರದು.

ಇಲ್ಲಿ ಎಚ್ಚರ ಹೇಳಲೇಬೇಕು. ಮೀಟಿಂಗ್‌ಗೆ ಬರೋರು ಎಲ್ಲರ ಥರದ ಮನುಷ್ಯರೇ. ಖಿನ್ನತೆಯ ಮಾತ್ರೆ ನಿಲ್ಲಿಸು, ಮಾತ್ರೆ ತಗೊಂಡ್ರೆ ನೀನು ನಿಜವಾಗಿ ಬಿಟ್ಟ ಹಾಗಲ್ಲ ಅಂತ ಯಾರಾದ್ರೂ ಅಂದ್ರೆ ಕೇಳ್ಬೇಡಿ, ಸದಸ್ಯರು ಡಾಕ್ಟರ್ ಕೆಲಸ ಮಾಡಬಾರದು ಅಂತ ಎಎ ತನ್ನ ಕಿರುಪುಸ್ತಕದಲ್ಲೇ ಹೇಳಿದೆ. ಕುಡಿತ ಬಿಡೋಕೆ ಸಹಾಯ ಮಾಡೋ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಥರದ ಔಷಧಿ ಡಾಕ್ಟರ್ ಬರೆದುಕೊಟ್ಟಿದ್ರೆ ತಗೊಳ್ತಾನೇ ಮೀಟಿಂಗ್‌ಗೆ ಹೋಗಿ. ಹೊಸದಾಗಿ ಬಂದು ಮನಸ್ಸು ಮೆತ್ತಗಿರೋ ಹೊತ್ತಲ್ಲಿ ಪ್ರೀತಿ ಪ್ರೇಮ ಅಂತ ಹತ್ರ ಬರೋರು, ಸಾಲ ಕೇಳೋರು ಕಂಡ್ರೆ ದೂರ ಇರಿ, ಗುಂಪಿನ ಹಳಬರಿಗೆ ಹೇಳಿ, ಸರಿಹೋಗದಿದ್ರೆ ಗುಂಪು ಬದಲಾಯಿಸಿ.

ಬಿಟ್ಟು ಮತ್ತೆ ಕುಡಿದ್ರೆ ಏನು. ಸ್ಲಿಪ್ ಆಯ್ತು ಅಂತಾರೆ, ದಿನದ ಲೆಕ್ಕ ಮತ್ತೆ ಒಂದರಿಂದ ಶುರು, ಅಷ್ಟೇ, ಗುಂಪಿಂದ ಹೊರಗೆ ಹಾಕಲ್ಲ, ಕಾರಣ ಕೇಳಿ ಕಟಕಟೆಗೆ ನಿಲ್ಲಿಸಲ್ಲ. ನಾನು ನಾಲ್ಕನೇ ತಿಂಗಳಲ್ಲಿ ಕುಡಿದೆ, ಆಮೇಲೆ ಮೂರು ವಾರ ನಾಚಿಕೆಯಿಂದ ಹೋಗ್ಲಿಲ್ಲ, ಆ ಮೂರು ವಾರ ಕುಡಿತ ಇನ್ನೂ ಜಾಸ್ತಿ ಆಯ್ತು. ವಾಪಸ್ ಹೋದಾಗ ಒಬ್ರು ನಿಮ್ಮನ್ನ ನೋಡಿ ಸಮಾಧಾನ ಆಯ್ತು ಅಂದ್ರು, ಬೇರೇನೂ ಕೇಳ್ಲಿಲ್ಲ. ಹಾಗಾಗಿ ಜಾರಿದ್ರೆ ಮಾರನೇ ದಿನವೇ ಹೋಗಿ, ಕುಡಿದ ಅಮಲಲ್ಲೇ ಇದ್ರೂ ಹೋಗಿ, ಗಲಾಟೆ ಮಾಡದೆ ಸುಮ್ನೆ ಕೂತು ಕೇಳಿದ್ರೆ ಎಷ್ಟೋ ಗುಂಪಲ್ಲಿ ಕೂರೋಕೆ ಬಿಡ್ತಾರೆ. ಇನ್ನೊಂದು, ಕೆಲವು ತಿಂಗಳು ಬಿಟ್ಟ ಮೇಲೆ ದೇಹ ಹಳೇ ಪ್ರಮಾಣ ತಡ್ಕೊಳ್ಳಲ್ಲ, ಮುಂಚಿನಷ್ಟೇ ಕುಡಿದ್ರೆ ಅಪಾಯ ದೊಡ್ಡದು, ಹಾಗೇನಾದ್ರೂ ಆದ್ರೆ ಡಾಕ್ಟರಿಗೂ ತಿಳಿಸಿ.

ಮನೆಯವರಿಗೆ ಬೇರೆ ಮೀಟಿಂಗ್ ಇದೆ, ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಬಿಲ್ ಅವರ ಹೆಂಡತಿ ಲೋಯಿಸ್ ಮತ್ತು ಇನ್ನೊಬ್ರು ಸೇರಿ 1951ರಲ್ಲಿ ಅಲ್-ಅನಾನ್ ಶುರು ಮಾಡಿದ್ರು, ಹದಿಹರೆಯದ ಮಕ್ಕಳಿಗೆ 1957ರಲ್ಲಿ ಅಲಾಟೀನ್ ಬಂತು. ಕುಡಿಯೋರು ಇನ್ನೂ ಕುಡೀತಾನೇ ಇದ್ರೂ, ಮೀಟಿಂಗ್ ಹೆಸರು ಎತ್ತಿದ್ರೇ ಜಗಳ ಆಡಿದ್ರೂ, ಮನೆಯವರು ತಮ್ಮ ಪಾಡಿಗೆ ಹೋಗಬಹುದು. ಕುಡಿಯೋರನ್ನ ಬಿಡಿಸೋ ಉಪಾಯ ಅಲ್ಲಿ ಹೇಳಿಕೊಡಲ್ಲ, ಅದನ್ನ ಹುಡುಕ್ಕೊಂಡು ಹೋದವರಿಗೆ ಮೊದಲು ನಿರಾಸೆ ಆಗುತ್ತೆ, ಬಾಟಲಿ ಎಣಿಸ್ತಾ, ಆಫೀಸಿಗೆ ಸುಳ್ಳು ಹೇಳ್ತಾ, ಕಿಟಕಿ ಹತ್ರ ಕಾಯ್ತಾ ಕಳೆದ ತಮ್ಮ ಜೀವನದ ಬಗ್ಗೆ ಅಲ್ಲಿ ಮಾತಾಡ್ತಾರೆ. ಅಲ್ಲೂ ಕನಿಷ್ಠ ಆರು ಮೀಟಿಂಗ್ ನೋಡಿ ಆಮೇಲೆ ತೀರ್ಮಾನ ಮಾಡಿ ಅಂತಾರೆ.

ನಮ್ಮ ಗುಂಪಲ್ಲಿ ಮೀಟಿಂಗ್ ಶುರುವಾಗೋ ಹದಿನೈದು ನಿಮಿಷ ಮುಂಚೆ ಒಬ್ರು ಬಾಗಿಲ ಹತ್ರ ನಿಲ್ಲಬೇಕು, ಈ ತಿಂಗಳು ಆ ಕೆಲಸ ನನ್ನದು. ರಸ್ತೆ ಆಚೆ ಫೋನ್ ನೋಡೋ ಹಾಗೆ ಮಾಡ್ತಾ, ಬೋರ್ಡ್ ಕಡೆ ಒಂದು ಕಣ್ಣಿಟ್ಟು ನಿಂತವರು ಕಾಣ್ತಾರೆ ಒಮ್ಮೊಮ್ಮೆ. ನಾನು ಕೂಗಿ ಕರೆಯಲ್ಲ, ಬಾಗಿಲು ಪೂರ್ತಿ ತೆಗೆದಿಟ್ಟು ಪಕ್ಕಕ್ಕೆ ಸರೀತೀನಿ, ಮೀಟಿಂಗ್ ಶುರುವಾದ ಮೇಲೂ ಅದನ್ನ ಮುಚ್ಚಲ್ಲ.